ಮಾಯಾ ಬಂಡಿಗೆ ಏನು ಹಾಕಿದರೆ ಓಡುತ್ತದೆ?

(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಪಠ್ಯ)



ಇವತ್ತು ಹಾಡು ಸ್ವಲ್ಪ ಕಡಿಮೆ, ಮಾತು ಸ್ವಲ್ಪ ಹೆಚ್ಚು. ವಿಷಯ ಕೇಳಿ ನೀವು ನಕ್ಕರೂ ನಗಬಹುದು. ಪೆಟ್ರೋಲು ಬೇಡ, ಡೀಸೆಲ್ಲು ಬೇಡ, ಸಿಎನ್‌ಜಿ ಬಂಕಿನ ಮುಂದೆ ಸಾಲು ನಿಲ್ಲುವುದೂ ಬೇಡ. ಮಂತ್ರದಿಂದಲೋ ಮಾಯೆಯಿಂದಲೋ ಓಡುವ ಒಂದು ವಾಹನವನ್ನು ನೀವು ಕಲ್ಪಿಸಿಕೊಳ್ಳಬೇಕು. ಒಂದೇ ಷರತ್ತು, ಅದು ಹಾರುವಂತಿಲ್ಲ. ಪುಷ್ಪಕ ವಿಮಾನಕ್ಕೆ ಇವತ್ತು ರಜೆ. ನೆಲದ ಮೇಲೇ ಹೋಗಬೇಕು, ಹಳ್ಳ ಬಂದರೆ ಇಳಿಯಬೇಕು, ದಿಬ್ಬ ಬಂದರೆ ಏರಬೇಕು, ಹಸು ಅಡ್ಡ ಬಂದರೆ ನಿಲ್ಲಬೇಕು. ಅಂಥ ಗಾಡಿ ನಿಮ್ಮದಾಗಿದ್ದರೆ ಅದನ್ನು ಎಳೆಯುವುದು ಯಾವುದು?

ಇದು ಒಂದು ಆಟದ ಪ್ರಶ್ನೆ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ಒಬ್ಬ ಮಾಂತ್ರಿಕ, ಒಬ್ಬಳು ಬಿಲ್ಲುಗಾತಿ, ಒಬ್ಬ ಕಳ್ಳ, ಹೀಗೆ. ‘ಮುಂದೆ ನದಿ ಇದೆ, ಏನು ಮಾಡುತ್ತೀರಿ?’ ಎಂದು ಕಥೆ ನಡೆಸುವವರು ಕೇಳುತ್ತಾರೆ. ಪಾತ್ರಧಾರಿಗಳು ಹೇಳುತ್ತಾರೆ. ಹೇಳಿದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹಾಕಿ ತೀರ್ಮಾನಿಸುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಲ್ಲಿ ಈ ಬಗೆಯ ಆಟವನ್ನು ಪುಸ್ತಕವಾಗಿ ತಂದರು. ಇವತ್ತು ನಮ್ಮ ಕಾಲೇಜು ಹುಡುಗ ಹುಡುಗಿಯರಿಗೂ ಇದು ಗೊತ್ತು.

‘ಇದೆಲ್ಲ ವಿದೇಶಿ ಸಂಗತಿ, ನಮಗೇಕೆ?’ ಎನ್ನಬೇಡಿ. ನಿಮ್ಮಲ್ಲಿ ಕರಾವಳಿ, ಮಲೆನಾಡಿನ ಕಡೆಯವರಿದ್ದರೆ ಈಗಾಗಲೇ ನಿಮ್ಮ ಮನಸ್ಸಿಗೆ ತಾಳಮದ್ದಲೆ ಬಂದಿರಬೇಕು. ವೇಷವಿಲ್ಲ, ಕುಣಿತವಿಲ್ಲ, ರಂಗದ ಮೇಲೆ ಏನೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಪಂಚೆ ಉಟ್ಟು ಕೂತ ಅರ್ಥಧಾರಿ ಕೃಷ್ಣನಾಗಿ ಮಾತಾಡುತ್ತಾನೆ, ಎದುರಿಗೆ ಕೂತವ ಕೌರವನಾಗಿ ಅದಕ್ಕೆ ಅಲ್ಲೇ ಹುಟ್ಟಿದ ಉತ್ತರ ಕೊಡುತ್ತಾನೆ. ದಾಳವೊಂದಿಲ್ಲ ಅಷ್ಟೆ, ಉಳಿದದ್ದೆಲ್ಲ ಅದೇ ಆಟ. ಇನ್ನು ಯಕ್ಷಗಾನದ ರಂಗಸ್ಥಳದಲ್ಲಿ ಒಂದು ಮರದ ಪೀಠ ಇಟ್ಟಿರುತ್ತಾರಲ್ಲ, ಅದರ ಹೆಸರೇ ರಥ. ಅದಕ್ಕೆ ಚಕ್ರವಿಲ್ಲ, ಕುದುರೆಯಿಲ್ಲ. ಚೆಂಡೆ ಮೊಳಗಿದ ಕೂಡಲೇ ಅದು ಕುರುಕ್ಷೇತ್ರದಲ್ಲಿ ಓಡುತ್ತದೆ, ನಾವು ನಂಬುತ್ತೇವೆ. ಅಡಿಕೆ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ, ತುದಿ ಹಿಡಿದು ಅಂಗಳವೆಲ್ಲ ಎಳೆದಾಡಿದ ಮಕ್ಕಳೂ ನಮ್ಮಲ್ಲಿ ಇದ್ದಾರೆ. ಅವರಿಗೆ ಅದು ಬಸ್ಸೂ ಹೌದು, ರೈಲೂ ಹೌದು.

ಹಾಗಾದರೆ ಮಾಯೆಯ ಗಾಡಿಯನ್ನು ಕಲ್ಪಿಸುವುದು ಬಹಳ ಸುಲಭ ಅಂದುಕೊಂಡಿರಾ? ಕಷ್ಟ ಇರುವುದು ಇಲ್ಲೇ. ಮಗುವನ್ನು ಕೇಳಿದರೆ ಮೊದಲು ಏನು ಹೇಳುತ್ತದೆ? ‘ನನ್ನ ಗಾಡಿ ಎಲ್ಲಕ್ಕಿಂತ ಫಾಸ್ಟು. ಅದನ್ನು ಯಾರೂ ಹಿಡಿಯೋಕಾಗಲ್ಲ. ಅದು ಒಡೆಯೋದೇ ಇಲ್ಲ.’ ಸರಿ, ಆಟ ಮುಗಿಯಿತು. ಏನು ಬೇಕಾದರೂ ಮಾಡಬಲ್ಲ ಗಾಡಿಯಲ್ಲಿ ಕೂತರೆ ದಾರಿಯಲ್ಲಿ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ಕಥೆಯಿಲ್ಲ. ಅದಕ್ಕೇ ಮಾಯೆಗೂ ಒಂದು ಕಟ್ಟಳೆ ಬೇಕು. ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಗಾಡಿಯನ್ನು ಎಳೆಯುವುದು ಏನು? ಅದಕ್ಕೆ ಕೊಡಬೇಕಾದ ಬೆಲೆ ಏನು? ಅದು ಯಾವಾಗ ನಿಲ್ಲುತ್ತದೆ?

ನಮ್ಮ ಹಿರಿಯರು ಈ ಮೂರಕ್ಕೂ ಎಂಥ ಉತ್ತರ ಕೊಟ್ಟಿದ್ದಾರೆ ನೋಡಿ. ಮಹಾಭಾರತದಲ್ಲಿ ಧರ್ಮರಾಯನ ರಥ ನೆಲಕ್ಕೆ ತಾಗದೆ ನಾಲ್ಕು ಬೆರಳು ಮೇಲೆ ಓಡುತ್ತಿತ್ತಂತೆ. ಅದನ್ನು ಎತ್ತಿ ಹಿಡಿದದ್ದು ಆತನ ಸತ್ಯ. ದ್ರೋಣರ ಮುಂದೆ ಅಶ್ವತ್ಥಾಮನ ಹೆಸರಿನಲ್ಲಿ ಅರ್ಧ ಸತ್ಯ ಹೇಳಿದ ದಿನ ಆ ರಥ ನೆಲಕ್ಕೆ ಇಳಿಯಿತು. ಗಮನಿಸಿ, ರಥ ಮುರಿಯಲಿಲ್ಲ, ಸುಟ್ಟುಹೋಗಲಿಲ್ಲ. ಎಲ್ಲರ ರಥದ ಹಾಗೆ ಅದೂ ಒಂದು ರಥವಾಯಿತು. ಇಷ್ಟು ಸಣ್ಣ ಶಿಕ್ಷೆ, ಇಷ್ಟು ದೊಡ್ಡ ನಷ್ಟ. ನಾಲ್ಕೇ ಬೆರಳು ಎಂದು ಅಳತೆ ಕೊಟ್ಟಿದ್ದಾರಲ್ಲ, ಆಟ ಬರೆಯುವವರು ಕಲಿಯಬೇಕಾದದ್ದು ಅದು.

ಅರ್ಜುನನ ರಥದ್ದು ಇನ್ನೊಂದು ಬಗೆ. ಯುದ್ಧ ಮುಗಿದ ಮೇಲೆ ಕೃಷ್ಣ ‘ಮೊದಲು ನೀನು ಇಳಿ’ ಎನ್ನುತ್ತಾನೆ. ಸಾಮಾನ್ಯವಾಗಿ ಮೊದಲು ಇಳಿಯುವವನು ಸಾರಥಿ. ಅರ್ಜುನ ಇಳಿದ, ಆಮೇಲೆ ಕೃಷ್ಣ ಇಳಿದ, ಧ್ವಜದಲ್ಲಿದ್ದ ಕಪಿ ಮಾಯವಾಯಿತು, ರಥ ಧಗ್ ಎಂದು ಉರಿದು ಬೂದಿಯಾಯಿತು. ದ್ರೋಣ, ಕರ್ಣರ ಅಸ್ತ್ರಗಳಿಂದ ಅದು ಯಾವತ್ತೋ ಸುಟ್ಟುಹೋಗಿತ್ತು. ಕೂತವನ ಬಲದಿಂದ ನಿಂತಿತ್ತು ಅಷ್ಟೆ. ಕರ್ಣನ ರಥವನ್ನಂತೂ ಭೂಮಿಯೇ ಹಿಡಿದುಕೊಂಡಿತು, ಅದಕ್ಕೆ ಹಿಂದೆ ಒಂದು ಶಾಪವಿತ್ತು.

ಜನ ಹೇಳುವ ರಾಮಾಯಣದ ಕಥೆಯಲ್ಲಿ ಕೈಕೇಯಿ ಬರುತ್ತಾಳೆ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿಬಿತ್ತು. ಗಾಲಿ ಅಚ್ಚಿನಿಂದ ಜಾರದಂತೆ ತುದಿಯಲ್ಲಿ ತೂರಿಸುವ ಮೊಳೆ ಇದೆಯಲ್ಲ, ಅದೇ ಕಡಾಣಿ. ಆಕೆ ತನ್ನ ಬೆರಳನ್ನೇ ಅಲ್ಲಿಟ್ಟು ರಥವನ್ನು ಉಳಿಸಿದಳು. ದಶರಥ ಎರಡು ವರ ಕೊಟ್ಟ. ಬೆಲೆಯನ್ನು ಆಗ ಕೇಳಲಿಲ್ಲ, ಬಹಳ ವರ್ಷಗಳ ಮೇಲೆ ಕೇಳಿದಳು. ಒಂದು ಕಡಾಣಿಯ ಬೆಲೆ ಹದಿನಾಲ್ಕು ವರ್ಷದ ವನವಾಸ! ಮಾಯೆಯ ಗಾಡಿಯ ಬೆಲೆ ಕೂಡಲೇ ಕೊಡಬೇಕಾಗಿಲ್ಲ. ತಡವಾಗಿ ಬಂದರೆ ಕಥೆ ಇನ್ನೂ ದೊಡ್ಡದಾಗುತ್ತದೆ.

ನಿಲ್ಲಿಸಲಾಗದ ಗಾಡಿ ಹೇಗಿರುತ್ತದೆ ಎಂದು ಕೇಳುತ್ತೀರಾ? ಅದೂ ನಮ್ಮಲ್ಲಿದೆ. ಜೈನರ ಭಗವತೀ ಸೂತ್ರದಲ್ಲಿ ಮಗಧದ ಕೂಣಿಕ, ಅಂದರೆ ಅಜಾತಶತ್ರು, ವೈಶಾಲಿಯ ಚೇಟಕನ ಮೇಲೆ ಮಾಡಿದ ಯುದ್ಧದ ವರ್ಣನೆ ಬರುತ್ತದೆ. ಅದರಲ್ಲಿ ‘ರಥಮುಸಲ’ ಎಂಬ ಒಂದು ರಥ. ಕುದುರೆಯಿಲ್ಲ, ಸಾರಥಿಯಿಲ್ಲ, ಒಳಗೆ ಯೋಧನೂ ಇಲ್ಲ. ಒನಕೆಯಂಥ ಮುಸಲವೊಂದನ್ನು ಹೊತ್ತು ತಾನೇ ತಾನಾಗಿ ನುಗ್ಗುತ್ತಾ ಎದುರಿಗೆ ಬಂದವರನ್ನು ಜಜ್ಜುತ್ತಾ ಹೋಗುತ್ತದೆ. ದೇವೇಂದ್ರನ ನೆರವಿನಿಂದ ಬಂದದ್ದು ಅದು. ಯುದ್ಧದ ಕಾರಣವೋ, ಒಂದು ಆನೆ ಮತ್ತು ಒಂದು ಹಾರ! ಒಳಗೆ ಯಾರೂ ಇಲ್ಲದ ಗಾಡಿಗೆ ‘ಸಾಕು’ ಎಂದು ಹೇಳುವವರು ಯಾರು? ಸಾರಥಿಯಿಲ್ಲದ ಕಾರುಗಳ ಕಾಲದಲ್ಲಿ ಈ ಪ್ರಶ್ನೆ ಹಳೆಯದಾಗಿಲ್ಲ. ಶ್ವೇತಾಂಬರ ಪರಂಪರೆಯ ಪ್ರಕಾರ ಈ ಆಗಮಗಳನ್ನು ಐದನೆಯ ಶತಮಾನದಲ್ಲಿ ಬರಹಕ್ಕೆ ಇಳಿಸಿದ ಸಭೆ ನಡೆದದ್ದು ವಲಭಿಯಲ್ಲಿ. ಅದು ಇಲ್ಲೇ, ನಮ್ಮ ಭಾವನಗರ ಜಿಲ್ಲೆಯಲ್ಲಿದೆ.

ಈಗಿನ ಆಟ ಬರೆಯುವವರೂ ಇದೇ ಮೂರು ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಕೀತ್ ಬೇಕರ್ ಎಂಬವರು ಕಟ್ಟಿದ ‘ಎಬೆರಾನ್’ ಎಂಬ ಲೋಕ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಿಂಚಿನ ರೈಲಿದೆ. ಒಂದು ಭೂತಶಕ್ತಿಯನ್ನು ಕಟ್ಟಿಹಾಕಿ ಅದರ ಬಲದಿಂದ ರೈಲು ಓಡಿಸುತ್ತಾರೆ. ಆದರೆ ನೆಲದಲ್ಲಿ ಸಾಲಾಗಿ ಮಂತ್ರದ ಕಲ್ಲು ಹೂತಿಟ್ಟ ದಾರಿಯಲ್ಲಿ ಮಾತ್ರ ಅದು ಹೋಗಬಲ್ಲದು. ಮಹಾಯುದ್ಧವೊಂದರಲ್ಲಿ ನಡುವಿನ ಒಂದು ದೇಶ ನಾಶವಾದ ಮೇಲೆ ಆ ದಾರಿ ತುಂಡಾಗಿಬಿಟ್ಟಿದೆ. ಆಚೆಯ ಬಂಧುಗಳು ಆಚೆ, ಈಚೆಯವರು ಈಚೆ. ಊರು ಬಿಟ್ಟು ಬಂದ ನಮಗೆ ಆ ನೋವು ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಬಂದ ಇನ್ನೊಂದು ಸಾಹಸಕಥೆಯಲ್ಲಿ ನರಕದ ಬಯಲಿನಲ್ಲಿ ಓಡುವ ಯುದ್ಧಯಂತ್ರಗಳಿವೆ. ಅವಕ್ಕೆ ಹಾಕುವ ಇಂಧನ ನಾಣ್ಯಗಳು. ಒಂದೊಂದು ನಾಣ್ಯದಲ್ಲೂ ಒಬ್ಬೊಬ್ಬರ ಆತ್ಮ ಸೆರೆಯಾಗಿದೆ. ‘ಒಂದು ನಾಣ್ಯ ಹಾಕಲೇ, ಬೇಡವೇ?’ ಎಂದು ಆಡುವವರು ತಡೆದು ಯೋಚಿಸಬೇಕು. ನಾವು ಬಂಕಿನಲ್ಲಿ ಯೋಚಿಸುವುದು ಲೀಟರಿಗೆ ಎಷ್ಟು ರೂಪಾಯಿ ಎಂದು ಮಾತ್ರ.

ಹೊರಗಿನ ಮಾತು ಸಾಕು, ನಮ್ಮ ಈ ಊರುಗಳಿಗೇ ಬರೋಣ. ವಡೋದರಾದವರೇ, ನಿಮ್ಮ ಪಕ್ಕದ ಡಭೋಯಿಯಿಂದ ಮಿಯಾಗಾಮ್ ಕಡೆಗೆ 1862ರಲ್ಲಿ ಮಹಾರಾಜ ಖಂಡೇರಾವ್ ಗಾಯಕವಾಡರು ಒಂದು ರೈಲು ದಾರಿ ಹಾಕಿಸಿದರು. ಎರಡೂವರೆ ಅಡಿ ಅಗಲದ ಹಳಿ, ಮೊದಲಿಗೆ ಎಂಟು ಮೈಲಿ ದೂರ. ಒಂದು ಸಂಸ್ಥಾನ ತನ್ನದೇ ಎಂದು ರೈಲು ಕಟ್ಟಿಕೊಂಡದ್ದು ದೊಡ್ಡ ಸುದ್ದಿ. ಆದರೆ ಆ ರೈಲನ್ನು ಎಳೆದದ್ದು ಎತ್ತುಗಳು! ಇಂಜಿನ್ ತರಿಸಿದರೂ ಹಳಿ ಅದರ ಭಾರಕ್ಕೆ ತಕ್ಕಂತೆ ಇರಲಿಲ್ಲ. 1873ರಲ್ಲಿ ಹಳಿ ಬದಲಿಸಿ ಹಾಕಬೇಕಾಯಿತು. ಕಬ್ಬಿಣದ ಹಳಿಯ ಮೇಲೆ ಡಬ್ಬಿ, ಡಬ್ಬಿಯ ಮುಂದೆ ನೊಗ, ನೊಗದಲ್ಲಿ ಜೋಡೆತ್ತು. ಇದನ್ನು ನಾನು ಆಟಕ್ಕಾಗಿ ಕಟ್ಟಿ ಹೇಳಿದ್ದರೆ ನೀವು ‘ಸ್ವಲ್ಪ ಹೆಚ್ಚಾಯಿತು’ ಅನ್ನುತ್ತಿದ್ದಿರಿ. ಅದು ನಿಜವಾಗಿಯೂ ನಡೆಯಿತು. ದಾರಿ ಗಟ್ಟಿಯಿಲ್ಲದೆ ಶಕ್ತಿ ಮಾತ್ರ ತಂದರೆ ಸಾಲದು ಎಂಬ ಪಾಠವೂ ಅದರಲ್ಲಿದೆ.

ಅಹಮದಾಬಾದಿನವರು ಪ್ರತಿ ಆಷಾಢ ಶುದ್ಧ ಬಿದಿಗೆಯಂದು ಜಮಾಲ್‌ಪುರದ ಜಗನ್ನಾಥನ ರಥಯಾತ್ರೆ ನೋಡುತ್ತೀರಿ. 1878ರಿಂದ ನಡೆದುಬಂದದ್ದು. ಮೂರು ರಥ, ಎಳೆಯುವವರು ಖಲಾಸಿ ಸಮುದಾಯದವರು. ಸರಸಪುರ ದೇವರ ಸೋದರಮಾವನ ಮನೆ, ಅಲ್ಲಿ ಊಟ. ನಮ್ಮ ಕಡೆಯ ತೇರಿನ ಮಿಣಿ ಹಿಡಿದವರಿಗೆ ಈ ಶಕ್ತಿಯ ಗುಟ್ಟು ಗೊತ್ತು. ನೂರು ಜನ ಎಳೆದರೂ ಅಲುಗದ ತೇರು, ಎಲ್ಲರೂ ಒಂದೇ ಉಸಿರಿಗೆ ಎಳೆದಾಗ ‘ಕಿರ್’ ಎಂದು ಹೊರಡುತ್ತದೆ. 2020ರಲ್ಲಿ ಕೊರೊನಾ ಬಂದಾಗ ಈ ರಥಗಳು ದೇವಸ್ಥಾನದ ಆವರಣ ದಾಟಲಿಲ್ಲ. ರಥದಲ್ಲಿ ಏನೂ ಕೆಟ್ಟಿರಲಿಲ್ಲ. ಜನ ಸೇರುವಂತಿರಲಿಲ್ಲ, ಅಷ್ಟೆ. ಇಂಧನ ಯಾವುದು ಎಂಬುದು ಅದು ಇಲ್ಲದಾಗಲೇ ತಿಳಿಯುತ್ತದೆ.

ಇನ್ನು ರಿಕ್ಷಾಗಳ ಹಿಂದೆ, ಅಂಗಡಿಗಳ ಗೋಡೆಯ ಮೇಲೆ ಇಲ್ಲಿಯ ಮಾತೆಯರ ಚಿತ್ರ ನೋಡಿದ್ದೀರಲ್ಲ? ಖೋಡಿಯಾರ್ ಮಾ ಮೊಸಳೆಯ ಮೇಲೆ, ಬಹುಚರ ಮಾ ಕೋಳಿಯ ಮೇಲೆ, ಮೇಲಡಿ ಮಾ ಆಡಿನ ಮೇಲೆ, ದಶಾಮಾ ಒಂಟೆಯ ಮೇಲೆ. ವಿಶ್ವಾಮಿತ್ರಿ ನದಿ ಊರ ನಡುವೆಯೇ ಹರಿಯುವ, ಆ ನದಿಯಲ್ಲಿ ಮೊಸಳೆಗಳು ಬದುಕಿರುವ ವಡೋದರಾದ ಮಕ್ಕಳಿಗೆ ಮೊಸಳೆ ಬಂಡಿಯೇನೂ ದೂರದ ಕಲ್ಪನೆಯಲ್ಲ. 2024ರ ಆಗಸ್ಟ್ ನೆರೆಯಲ್ಲಿ ಮೊಸಳೆಗಳು ಬೀದಿಗೇ ಬಂದಿದ್ದವು. ಸೌರಾಷ್ಟ್ರದ ಕಡೆ ಹೋದರೆ ‘ಛಕಡೋ’ ಸಿಗುತ್ತದೆ. ಮುಂಭಾಗ ಮೋಟಾರ್‌ಬೈಕು, ಹಿಂಭಾಗ ಗಾಡಿ, ಮೂರು ಚಕ್ರ, ಊರಿಗೆಲ್ಲ ಕೇಳುವ ಸದ್ದು. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯವರು ಎತ್ತಿನ ಗಾಡಿಗೆ ಏನೆನ್ನುತ್ತೀರಿ? ಚಕ್ಕಡಿ! ಛಕಡೋ, ಚಕ್ಕಡಿ ಎರಡನ್ನೂ ಒಟ್ಟಿಗೆ ಒಮ್ಮೆ ಹೇಳಿ ನೋಡಿ. ಅಕ್ಕ ತಂಗಿಯರ ಹೆಸರಿನ ಹಾಗೆ ಕೇಳುವುದಿಲ್ಲವೇ?

ಇಷ್ಟು ಹೊತ್ತು ಗಾಡಿಯ ಮಾತಾಡಿದೆ. ಈಗ ಇದನ್ನು ನಿಮ್ಮ ಮನೆಗೆ ಏಕೆ ತರುತ್ತಿದ್ದೇನೆ ಎಂದು ಹೇಳುತ್ತೇನೆ.

ಗುಜರಾತಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬರುತ್ತದೆ. ‘ಊಟಕ್ಕೆ ಬಾ’ ಎಂದರೆ ಬರುತ್ತಾರೆ, ‘ಚಪ್ಪಲಿ ಹೊರಗೆ ಬಿಡು’ ಎಂದರೆ ಬಿಡುತ್ತಾರೆ. ಅದು ಕೇಳುವ ಕನ್ನಡ, ಹೇಳಿದ್ದನ್ನು ಮಾಡುವ ಕನ್ನಡ. ಅವರು ಕನಸು ಹೇಳುವಾಗ, ಜಗಳವಾಡುವಾಗ, ಶಾಲೆಯಲ್ಲಿ ನಡೆದ ತಮಾಷೆ ಹೇಳುವಾಗ ಗುಜರಾತಿಗೋ ಇಂಗ್ಲಿಷಿಗೋ ಜಾರುತ್ತಾರೆ. ‘ಹಾಗಾದರೆ’, ‘ಒಂದು ವೇಳೆ’, ‘ಆದರೂ’, ‘ಅದು ಸರಿ, ಆದರೆ’ ಎಂಬ ಸಣ್ಣ ಸಣ್ಣ ಮಾತುಗಳು ಇವೆಯಲ್ಲ, ಮನೆಯ ಕನ್ನಡದಲ್ಲಿ ಮೊದಲು ಸವೆಯುವುದು ಅವೇ. ಅವಿಲ್ಲದೆ ಒಬ್ಬ ಮನುಷ್ಯ ವಾದ ಮಾಡಲಾರ, ಕಥೆ ಕಟ್ಟಲಾರ. ಇನ್ನೊಂದು ಕಡೆ, ಊರಿನಿಂದ ಬಂದು ಮಗನ ಮನೆಯಲ್ಲಿರುವ ಅಜ್ಜ ಅಜ್ಜಿಯರು. ಅವರ ಹತ್ತಿರ ಮಾತಿದೆ, ಕೇಳುವವರಿಲ್ಲ. ಬಾಗಿಲಾಚೆ ಗುಜರಾತಿ, ಒಳಗೆ ಟಿ.ವಿ.

ಹೋದ ಬೇಸಿಗೆ ರಜೆಯಲ್ಲಿ ಸೂರತ್‌ನ ಕೇಳುಗರೊಬ್ಬರ ಮನೆಯಲ್ಲಿ ಐದಾರು ಮಕ್ಕಳನ್ನು ಕೂರಿಸಿಕೊಂಡು ಈ ಆಟ ಆಡಿಸಿದೆ. ಒಬ್ಬೊಬ್ಬರೂ ಒಂದು ಗಾಡಿ ಮಾಡಬೇಕು, ಸೂರತ್‌ನಿಂದ ತಮ್ಮ ಊರಿಗೆ ಹೋಗಬೇಕು. ಹತ್ತು ವರ್ಷದ ಒಬ್ಬ ಹುಡುಗ, ಹುಬ್ಬಳ್ಳಿ ಕಡೆಯ ಮನೆ, ತನ್ನ ಗಾಡಿಯನ್ನು ಬಣ್ಣಿಸುತ್ತಾ ತಡವರಿಸಿದ. ‘ಮುಂದೆ ಒಂದು ಇರುತ್ತಲ್ಲ... ಎತ್ತಿನ ಕುತ್ತಿಗೆ ಮೇಲೆ... ಧೂಂಸರಿ.’ ಮೂಲೆಯಲ್ಲಿ ಮೆಂತೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಅಜ್ಜಿ ತಲೆ ಎತ್ತದೆ, ‘ನೊಗ ಅಂತಾರ ಅದಕ್ಕ’ ಎಂದರು. ಒಂದು ಕ್ಷಣ ಬಿಟ್ಟು, ‘ನೊಗ ಇಟ್ಟ ಮ್ಯಾಲ ಜೊತ್ತಿಗಿ ಬ್ಯಾಡೇನು? ಎತ್ತು ಕೊರಳು ತಕ್ಕೊಂಡು ಹೋಗಿಬಿಡ್ತಾವು’ ಎಂದರು.

‘ಇದು ಮ್ಯಾಜಿಕ್ ಗಾಡಿ ಅಜ್ಜಿ, ಎತ್ತೇ ಇಲ್ಲ.’

‘ಎತ್ತಿಲ್ಲಂದ್ರ ಯಾತರ ಮ್ಯಾಲ ಓಡ್ತದ ಹಂಗಾರ?’

ಹುಡುಗ ಯೋಚಿಸಿದ. ಅವನ ಉತ್ತರ ನನಗೆ ಇವತ್ತಿಗೂ ಆಶ್ಚರ್ಯ. ಇಳಿಜಾರಿನಲ್ಲಿ ಗಾಡಿ ತಾನೇ ಓಡುತ್ತದಲ್ಲ, ಆ ಓಟವನ್ನು ಒಂದು ಮಡಕೆಯಲ್ಲಿ ತುಂಬಿಟ್ಟುಕೊಳ್ಳುತ್ತದಂತೆ. ಏರು ಬಂದಾಗ ಮಡಕೆಯಿಂದ ಸ್ವಲ್ಪ ಸ್ವಲ್ಪ ಸುರಿಯುತ್ತದಂತೆ. ಅಜ್ಜಿಗೆ ಇದು ಹಿಡಿಸಿತು. ಸೊಪ್ಪು ಪಕ್ಕಕ್ಕಿಟ್ಟರು. ‘ಮಡಕಿ ತುಳುಕಿದ್ರ?’ ಎಂದರು. ತುಳುಕಿದರೆ ಗಾಡಿ ಅಲ್ಲೇ ನಿಲ್ಲುತ್ತದೆ ಎಂದು ಆಯಿತು. ‘ಹಂಗಾರ ಮಡಕಿ ಹಿಡಕೊಂಡು ಕುಂದರಾಕ ಒಬ್ಬರು ಬೇಕು.’ ಆ ಕೆಲಸ ಅಜ್ಜಿಗೇ ಬಂತು. ‘ನನಗ ಮೊಣಕಾಲು ಬ್ಯಾನಿ, ಹತ್ತೂದು ಹ್ಯಾಂಗ?’ ಒಂಟೆಯ ಹಾಗೆ ಗಾಡಿ ನೆಲಕ್ಕೆ ಕೂರುತ್ತದೆ ಎಂದ ಹುಡುಗ. ಬೆಳಗಾವಿಯ ಮೇಲೆ ಹೋಗುವುದೋ ಬೇರೆ ದಾರಿಯೋ, ಘಟ್ಟದಲ್ಲಿ ಮಡಕೆ ಸಾಲುತ್ತದೋ ಇಲ್ಲವೋ, ಮಹಾರಾಷ್ಟ್ರ ದಾಟುವಾಗ ಟೋಲ್ ಕೊಡಬೇಕೋ ಬೇಡವೋ, ಅರ್ಧ ಗಂಟೆ ಅಜ್ಜಿ ಮೊಮ್ಮಗನಿಗೆ ವಾದವೋ ವಾದ. ನಡುವೆ ಅಜ್ಜಿ ತಾವು ಸಣ್ಣವರಿದ್ದಾಗ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋದದ್ದು, ದಾರಿಯಲ್ಲಿ ಗಾಲಿಯ ಹಳಿ ಕಳಚಿ ರಾತ್ರಿ ಮರದಡಿ ಮಲಗಿದ್ದು ಎಲ್ಲ ಹೇಳಿದರು. ಹುಡುಗನ ಅಪ್ಪ ನನ್ನ ಕಿವಿಯಲ್ಲಿ, ‘ಈ ಕಥೆ ನನಗೂ ಹೇಳಿರಲಿಲ್ಲ ನೋಡ್ರಿ’ ಎಂದರು.

ಅಂದ ಹಾಗೆ, ಆ ಮಡಕೆ ಬರೀ ಮಾಯೆಯಲ್ಲ. ವಿದ್ಯುತ್ ಕಾರುಗಳು, ಮೆಟ್ರೊ ರೈಲುಗಳು ಬ್ರೇಕ್ ಹಾಕುವಾಗ ತಮ್ಮ ಓಟವನ್ನು ಮತ್ತೆ ವಿದ್ಯುತ್ತಾಗಿ ಮಾಡಿಕೊಳ್ಳುತ್ತವೆ. ಕಾರು ಅದನ್ನು ತನ್ನ ಬ್ಯಾಟರಿಯಲ್ಲಿಟ್ಟುಕೊಳ್ಳುತ್ತದೆ, ರೈಲು ತಂತಿಗೆ ಹಿಂದಿರುಗಿಸುತ್ತದೆ. ಹುಡುಗನಿಗೆ ಇದು ಗೊತ್ತಿರಲಿಲ್ಲ. ಕಟ್ಟಳೆ ಇಟ್ಟುಕೊಂಡು ಯೋಚಿಸಿದ, ಅಲ್ಲಿಗೇ ಬಂದು ಮುಟ್ಟಿದ.

ನೀವೂ ಮನೆಯಲ್ಲಿ ಆಡಬಹುದು. ಇಪ್ಪತ್ತು ಮುಖದ ವಿದೇಶಿ ದಾಳ ತರಿಸಬೇಕಾಗಿಲ್ಲ. ನಾಲ್ಕು ಕವಡೆ ಸಾಕು, ನಮ್ಮ ಚೌಕಾಬಾರದ್ದು. ಇದೇ ಆಟವನ್ನು ಇಲ್ಲಿಯವರು ‘ಇಸ್ಟೋ’ ಎನ್ನುತ್ತಾರೆ, ಆದ್ದರಿಂದ ಪಕ್ಕದ ಮನೆಯ ಗುಜರಾತಿ ಮಕ್ಕಳನ್ನೂ ಕೂರಿಸಿಕೊಳ್ಳಿ. ಮನೆಯಲ್ಲಿ ಮಾತು ಬಲ್ಲ ಹಿರಿಯರು ಭಾಗವತರಾಗಲಿ, ಅವರೇ ಕಥೆ ನಡೆಸಲಿ. ಕಷ್ಟದ ಜಾಗ ಬಂದಾಗ ಕವಡೆ ಹಾಕಿ. ಒಂದು ಬಿದ್ದರೆ ಗಾಡಿ ಕೆಟ್ಟಿತು. ಎರಡು, ಮೂರು ಬಿದ್ದರೆ ದಾಟಿತು, ಆದರೆ ಏನೋ ಒಂದು ಬೆಲೆ ಕೊಡಬೇಕು. ಚೌಕ ಬಿದ್ದರೆ ಸಲೀಸು. ಎಲ್ಲ ಕವಡೆ ಮಗುಚಿ ಬಾರಾ, ಅಂದರೆ ಎಂಟು ಬಿದ್ದರೆ ಗಾಡಿಗೆ ಯಾರೂ ಅಂದುಕೊಳ್ಳದ ಹೊಸ ಶಕ್ತಿ ಬರುತ್ತದೆ. ಅದು ಏನೆಂದು ಗಾಡಿಯ ಒಡೆಯರೇ ಹೇಳಬೇಕು, ಕನ್ನಡದಲ್ಲಿ ಹೇಳಬೇಕು. ಶಬ್ದ ಸಿಗದಿದ್ದರೆ ಕೇಳಬಹುದು, ಕೇಳಿದ್ದಕ್ಕೆ ದಂಡವಿಲ್ಲ. ತಪ್ಪು ಕನ್ನಡಕ್ಕೆ ನಗುವವರಿಗೆ ಮಾತ್ರ ದಂಡ, ಅವರ ಒಂದು ಸರದಿ ಹೋಯಿತು. ಈ ಕೊನೆಯ ನಿಯಮವನ್ನು ಮರೆಯಬೇಡಿ. ಎಷ್ಟೋ ಮಕ್ಕಳು ಕನ್ನಡ ಬಿಟ್ಟದ್ದು ಬಾರದೆ ಅಲ್ಲ, ಊರಿಗೆ ಹೋದಾಗ ಅಣ್ಣ ಅಕ್ಕಂದಿರು ನಕ್ಕರು ಎಂದು.

ಮೂರು ಊರಿಗೂ ಒಂದೊಂದು ಪ್ರಯಾಣ ಕೊಡುತ್ತೇನೆ. ಅಹಮದಾಬಾದಿನವರು ಹಳೆಯ ಊರಿನ ಪೋಳ್‌ಗಳ ಸಂದಿಯಲ್ಲಿ ತೂರಬಲ್ಲ ಗಾಡಿ ಮಾಡಿ. ಉತ್ತರಾಯಣದ ದಿನ, ಜನವರಿ 14, ಆಕಾಶದಲ್ಲಿರುವ ಗಾಳಿಪಟಗಳ ದಾರವೇ ಅದರ ಲಗಾಮು. ಆದರೆ ದಾರ ಕತ್ತರಿಸಿದರೆ? ಮಾಂಜಾ ಯಾರದಾದರೂ ಕುತ್ತಿಗೆಗೆ, ಹಕ್ಕಿಯ ರೆಕ್ಕೆಗೆ ತಾಗಿದರೆ? ವಡೋದರಾದವರಿಗೆ ಮೊಸಳೆ ಬಂಡಿ. ನೆರೆ ಬಂದ ರಾತ್ರಿ ಆಸ್ಪತ್ರೆಗೆ ಒಬ್ಬ ಬಾಣಂತಿಯನ್ನು ಮುಟ್ಟಿಸಬೇಕು. ಮೊಸಳೆ ಏನು ಕೇಳುತ್ತದೆ, ನೀವು ಏನು ಕೊಡುತ್ತೀರಿ? ಸೂರತ್‌ನವರೇ, 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನ ನೀರು ಬಿಟ್ಟು ತಾಪಿ ಉಕ್ಕಿದಾಗ ಊರಿನ ಬಹುಭಾಗ ಮುಳುಗಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿದೆ. ಆ ದಿನ ನಿಮ್ಮ ಬೀದಿಯಲ್ಲಿ ಒಂದೇ ಒಂದು ಮಾಯಾ ಗಾಡಿ ಇದ್ದಿದ್ದರೆ, ಅದರಲ್ಲಿ ಎಂಟೇ ಜನಕ್ಕೆ ಜಾಗವಿದ್ದಿದ್ದರೆ, ಯಾರನ್ನು ಹತ್ತಿಸುತ್ತಿದ್ದಿರಿ? ಮಕ್ಕಳು ಈ ಪ್ರಶ್ನೆಗೆ ದೊಡ್ಡವರಿಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ.

ಊರಿಗೆ ಹೋಗುವ ಅಜ್ಮೇರ್–ಮೈಸೂರು ರೈಲಿನಲ್ಲಿ ಕೂತಾಗಲೂ ಆಡಬಹುದು. ವೇಟಿಂಗ್ ಲಿಸ್ಟ್ ದಾಟಿ ಸೀಟು ಸಿ ಕ್ಕಿದ ಮೇಲೆ ಹೊತ್ತಿಗೇನು ಬರವಿಲ್ಲ. ಜೇಬಿನಿಂದ ಐವತ್ತು ರೂಪಾಯಿಯ ಹೊಸ ನೋಟು ತೆಗೆದು ಮಕ್ಕಳಿಗೆ ತೋರಿಸಿ. 2017ರಿಂದ ಅದರ ಹಿಂಬದಿಯಲ್ಲಿ ನಮ್ಮ ಹಂಪಿಯ ಕಲ್ಲಿನ ರಥವಿದೆ. ‘ಒಂದು ಹೆಜ್ಜೆಯೂ ಚಲಿಸದೆ ದೇಶವೆಲ್ಲ ಸುತ್ತುವ ರಥ ಯಾವುದು?’ ಎಂದು ಒಗಟು ಹಾಕಿ. ಆ ರಥದ ಮುಂದೆ ಈಗ ಆನೆಗಳಿವೆ, ಹಿಂದೆ ಅಲ್ಲಿ ಕುದುರೆಗಳನ್ನು ಕಡೆದಿದ್ದರು ಎಂಬುದಕ್ಕೆ ಗುರುತು ಉಳಿದಿದೆ. ಎಳೆಯುವವರು ಬದಲಾದರು, ರಥ ಅದೇ. ಯಾಕೆ ಬದಲಾದರು ಎಂದು ಮಕ್ಕಳೇ ಒಂದು ಕಥೆ ಕಟ್ಟಲಿ.

ಮುಗಿಸುವ ಮುಂಚೆ ಒಂದು ಮಾತು. ಒಂದು ಸಾವಿರ ವರ್ಷದ ಹಿಂದಿನ ಜೇಡರ ದಾಸಿಮಯ್ಯ, ಹೆಸರೇ ಹೇಳುವಂತೆ ನೇಯ್ಗೆಯವನು, ಮಗ್ಗದ ಊರಾದ ಸೂರತ್‌ಗೆ ಹತ್ತಿರದ ನೆಂಟ. ಅವನ ಒಂದು ವಚನದಲ್ಲಿ ಬಂಡಿಯ ಕಡಾಣಿಯ ಮಾತು ಬರುತ್ತದೆ. ನಮ್ಮ ದೇಹವೇ ಬಂಡಿ, ಅದು ಉರುಳಿ ಬೀಳದಂತೆ ಹಿಡಿದಿರುವ ಕೀಲು ಶರಣರ ಮಾತು ಎಂಬುದು ಅದರ ಭಾವ. ಓದಿದಾಗ ಪರೀಕ್ಷೆಗಾಗಿ ಓದಿದ್ದೆ. ಆ ಅಜ್ಜಿ ಮಡಕೆ ಹಿಡಿದು ಕೂತದ್ದನ್ನು ನೋಡಿದ ಮೇಲೆ ಚೆನ್ನಾಗಿ ಅರ್ಥವಾಯಿತು.

ಈ ವಾರ ಒಂದು ಸಂಜೆ ಟಿ.ವಿ. ಆರಿಸಿ, ಕವಡೆ ತೆಗೆಯಿರಿ. ನಿಮ್ಮ ಮನೆಯ ಗಾಡಿಗೆ ಒಂದು ಹೆಸರಿಡಿ. ಎಳೆಯುವುದು ಏನು, ಬೆಲೆ ಏನು, ನಿಲ್ಲುವುದು ಯಾವಾಗ, ಮೂರನ್ನೂ ಮಕ್ಕಳ ಕೈಯಲ್ಲಿ ಕನ್ನಡದಲ್ಲಿ ಬರೆಸಿ. ಬರೆಯಲು ಬಾರದಿದ್ದರೆ ಅವರು ಹೇಳಲಿ, ನೀವು ಬರೆದುಕೊಳ್ಳಿ. ನಮಗೆ ಕಳಿಸಿದರೆ ಮುಂದಿನ ಕಾರ್ಯಕ್ರಮಗಳಲ್ಲಿ ಒಂದೊಂದಾಗಿ ಓದುತ್ತೇನೆ. ಅಜ್ಜ ಅಜ್ಜಿಯರು ಹೇಳಿಕೊಟ್ಟ ಒಂದು ಹಳೆಯ ಶಬ್ದವಾದರೂ ಅದರಲ್ಲಿರಲಿ. ನೊಗ, ಮೂಕಿ, ಅಚ್ಚು, ಜೊತ್ತಿಗೆ, ಏನಾದರೂ ಸರಿ.

ಅಲ್ಲಿಯವರೆಗೆ ಹೆಲ್ಮೆಟ್ ಹಾಕಿಕೊಳ್ಳಿ, ಸಿಗ್ನಲ್ ನೋಡಿ ದಾಟಿ. ನಮಸ್ಕಾರ, ಆವಜೋ.